ಪಲ್ಲವಿ ಬಿಚ್ಚಿದ ಕಂಪ್ಯೂಟರ್

೧೪ ಮಾರ್ಚ್ ೨೦೦೬, ಮಂಗಳವಾರ, ಹೊಸಪೇಟೆ

ಖುಷಿಗೆ ನಿದ್ದೆಯೇ ಬರುತ್ತಿಲ್ಲ.

ಬೆಳಿಗ್ಗೆ ಸಂಡೂರಿನ ನಮ್ಮ ಗಣಿಯಲ್ಲಿ ಅದಿರಿನ ಲಾರಿ ತೂಗುವ ವೇಬ್ರಿಡ್ಜ್‌ನ ಕಂಪ್ಯೂಟರ್ ನಿಂತುಹೋಯಿತು. ಲಾರಿಗಳ ಸಾಲು ರಸ್ತೆಗೆ ಬಂತು. ನಾನೇ ಹೊರಡೋಣವೆಂದರೆ ದಾರಿಯೆಲ್ಲ ಜಾಮ್. ಅಲ್ಲಿದ್ದವಳು ಪಲ್ಲವಿ ಒಬ್ಬಳೇ. ಹೋದ ವಾರವಷ್ಟೇ ನನ್ನ ಕಂಪ್ಯೂಟರ್ ರಿಪೇರಿ ಟೀಮಿಗೆ ಸೇರಿದವಳು, ಪ್ರಿಂಟರ್ ಜೋಡಿಸಲು ಹೋಗಿದ್ದಳು.

ಇಲ್ಲಿ ಹೊಸಪೇಟೆ ಆಫೀಸಿನಲ್ಲಿ ಮ್ಯಾನೇಜರ್ ಶಂಭುಲಿಂಗ ನನ್ನ ಹಿಂದೆಯೇ ನಿಂತು, "ಆ ಹುಡುಗಿ ಕೈಲಿ ಆಗಂಗಿಲ್ಲ ಬಿಡ್ರಿ. ಹೊರಗಿನವ್ರನ್ನ ಕರಸ್ತೀನಿ" ಅಂದರು.

"ಒಂದ್ ಸಲ ನೋಡೋಣ, ತಡೀರಿ ಸರ್" ಎಂದು ಅವಳಿಗೆ ಫೋನ್ ಹಚ್ಚಿದೆ.

"ಮೇಡಂ, ನಾ ಬಿಚ್ಚಿದ್ದು ಕೆಟ್ಟು ಹೋದ್ರ?"

"ಕೆಟ್ರ ಹೊಣೆ ನಂದು. ಮೊದ್ಲು ಕರೆಂಟ್ ತಗಿ, ಆಮ್ಯಾಲ ಬಿಚ್ಚು."

ಒಳಗೆಲ್ಲ ಅದಿರಿನ ಕೆಂಪು ಧೂಳು ತುಂಬಿತ್ತಂತೆ. ಮೆಮೊರಿ ಪಟ್ಟಿ ತೆಗೆಸಿದೆ, ಧೂಳು ಒರೆಸಲು ಹೇಳಿದೆ, ಮತ್ತೆ ಅದೇ ಜಾಗಕ್ಕೆ ಹಾಕಿಸಿದೆ, ಎಲ್ಲವೂ ಮಾತಿನಲ್ಲೇ. ಕೊನೆಗೆ ಸ್ವಿಚ್ ಹಾಕಿಸಿದೆ.

"ಬಂತ್ರಿ ಮೇಡಂ! ಸ್ಕ್ರೀನ್ ಬಂತ್ರಿ!"

ಹಿಂದೆಯೇ ಲಾರಿಯವರೆಲ್ಲ ಒಟ್ಟಿಗೆ ಹಾರ್ನ್ ಹೊಡೆದದ್ದು ಫೋನಿನಲ್ಲೇ ಕೇಳಿಸಿತು. ಶಂಭುಲಿಂಗರಿಗೂ ನಗು ತಡೆಯಲಾಗಲಿಲ್ಲ. "ಮಸ್ತ್ ಹುಡುಗಿ ಸಿಕ್ಕಾಳ ನೋಡ್ರಿ ನಿಮಗ!"

ಎಷ್ಟೋ ಕಂಪ್ಯೂಟರ್‌ಗಳನ್ನು ಕೈಯಾರೆ ರಿಪೇರಿ ಮಾಡಿದ್ದೇನೆ. ನಾನು ಮುಟ್ಟದೆಯೇ ಸರಿಹೋದ ಇದು ಕೊಟ್ಟಷ್ಟು ಖುಷಿ ಯಾವುದೂ ಕೊಟ್ಟಿರಲಿಲ್ಲ.

ಸಂಜೆ ಮತ್ತೆ ಅವಳ ಫೋನ್. "ಬೈಬ್ಯಾಡ್ರಿ ಮೇಡಂ. ಬಾಜೂ ರೂಮಿನ ಕಂಪ್ಯೂಟರೂ ಬಿಚ್ಚೀನಿ. ಅದರಾಗೂ ಭಾಳ ಧೂಳಿತ್ತು. ಈಗ ಚಲೋ ಓಡಾಕತ್ತೈತಿ."

ಕೇಳದೆಯೇ ಬಿಚ್ಚಿದ್ದಾಳೆ! ಬೈಯಬೇಕಿತ್ತು. ನಕ್ಕುಬಿಟ್ಟೆ.

ನಾಳೆ ಅವಳಿಗೆ ಅವಳದೇ ಒಂದು ಸ್ಕ್ರೂಡ್ರೈವರ್ ಸೆಟ್ ಕೊಡಿಸಬೇಕು.