ಕುಂಬಾರ ಓಣಿಗೆ ಹೋದ ದೋಣಿಗಳು

ಭೀಮಾ ತೀರ, ಕ್ರಿ.ಶ. ೨೨೧೪, ಆಷಾಢ

ತಂತ್ರಾಂಶವನ್ನು ಎಲ್ಲರ ಕೈಗೆಟುಕಿಸಲು ಹೆಣಗುತ್ತಿರುವ ಸಂಶೋಧಕರಿಗೆ ಚಂದ್ರಭಾಗಾಳ ನಮಸ್ಕಾರಗಳು.

ತಾರೀಖು ಕಂಡು ಗಾಬರಿಯಾಗಬೇಡಿ. ನಿಮ್ಮ ಕಾಲದ ಕನ್ನಡ ನನಗೆ ಪೂರ್ತಿ ಬಾರದು. ಕೆಲವು ಪದಗಳು ವಿಚಿತ್ರವೆನಿಸಿದರೆ ಮನ್ನಿಸಿ.

ನಮ್ಮಲ್ಲಿ ತಂತ್ರಾಂಶವನ್ನು ಯಾರೂ ಬರೆಯುವುದಿಲ್ಲ, ‘ಹೆಣೆಯುತ್ತಾರೆ’. ಬೇಕಾದದ್ದನ್ನು ಬಾಯಿಂದ ಹೇಳಿದರಾಯಿತು. ಆದರೆ ಯಂತ್ರ ತಕ್ಷಣ ಕೆಲಸಕ್ಕಿಳಿಯುವುದಿಲ್ಲ. ತನಗೆ ಅರ್ಥವಾದದ್ದೇನು, ಅದರಿಂದ ಯಾರಿಗೆ ಏನಾಗುತ್ತದೆ ಎಂಬುದನ್ನು ನಮ್ಮದೇ ಆಡುಮಾತಿನಲ್ಲಿ ತಿರುಗಿ ಹೇಳಿ ಒಪ್ಪಿಗೆ ಕೇಳುತ್ತದೆ. ಇದಕ್ಕೆ ‘ಮರುನುಡಿ’ ಎನ್ನುತ್ತೇವೆ. ರೊಟ್ಟಿ ಅಂಗಡಿಯವರು ಒಲೆಯ ಕಾವನ್ನು ಹೀಗೆಯೇ ಹೆಣೆದುಕೊಂಡಿದ್ದಾರೆ. ಶಾಲೆಯ ಮಕ್ಕಳು ಆಟಗಳನ್ನು ಹೆಣೆದು, ಮರುನುಡಿಯೊಂದಿಗೆ ಜಗಳಕ್ಕೂ ಬೀಳುತ್ತಾರೆ. ನನಗೂ ಅದು ಎಷ್ಟೋ ಸಲ ಕಿರಿಕಿರಿ ತರಿಸಿದ್ದುಂಟು.

ಕಳೆದ ವಾರ ಹೊಳೆ ಉಕ್ಕಿತು. ಊರಿನ ದೋಣಿಗಳನ್ನು ನಡೆಸುವ ಹೆಣಿಗೆಯ ಹೊಣೆ ನನ್ನ ಗೆಳತಿ ಇಮಾಂಬಿಯದು. ಊರಿನ ವಿದ್ಯುತ್ತಿನ ಹೊಣೆ ನನ್ನದು. ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಬೆಳಗಿನ ಹೊತ್ತಿಗೆ ನೀರು ಸೇತುವೆಯ ಕಮಾನು ಮುಟ್ಟಿತು. ಅದರಡಿ ನುಗ್ಗಲು ಹೋದ ದೋಣಿಯೊಂದು ಮಗುಚಿತು. ಅದರಲ್ಲಿದ್ದವರು ಈಜಿ ದಡ ಸೇರಿದರು. ಇಮಾಂಬಿ ಕೂಗಿಕೊಂಡಳು: “ಸೇತುವಿ ಕಡಿ ಒಂದ್ ದೋಣಿನೂ ಕಳಸ್‌ಬ್ಯಾಡ!”

ಯಂತ್ರ ಮರುನುಡಿಯಿತು: “ನನಗ ತಿಳಿದಿದ್ದು ಇಷ್ಟ್ರಿ. ಇನ್ನ ಯಾವ ದೋಣಿನೂ ಸೇತುವಿ ಕಡಿ ಹೋಗಂಗಿಲ್ಲ. ಹಂಗಾದ್ರ ಕುಂಬಾರ ಓಣಿ ಮಂದಿನ್ನ ಕರ್ಕೊಂಡು ಬರಾಕ ಯಾರೂ ಹೋಗಂಗಿಲ್ಲ. ಒಪ್ಪಿಗಿ ಏನ್ರಿ?”

ಸೇತುವೆಯಾಚೆ ನೀರು ಸುತ್ತುವರಿದಿದ್ದ ಕುಂಬಾರ ಓಣಿಯ ಮಾಳಿಗೆಗಳ ಮೇಲೆ ನೂರಾರು ಜನರಿದ್ದರು. ಅವರ ನಡುವೆ ನನ್ನ ತಾಯಿಯೂ ಇದ್ದಳು.

“ಏ, ಒಪ್ಪಿಗಿಲ್ಲ! ಹೊಳಿ ಬಿಟ್ಟು ಹೊಲದಾಗ ಹಾಯಿಸಿ ಕಳಸು. ಜ್ವಾಳದ ಹೊಲ ಎಲ್ಲಾ ಮುಳುಗ್ಯಾವ, ದೋಣಿ ತೇಲ್ತಾವ,” ಎಂದಳು ಇಮಾಂಬಿ.

“ಹೊಲದಾಗ ಕರೆಂಟಿನ ತಂತಿ ಜೋತು ಬಿದ್ದಾವ್ರಿ. ಬಂದ್ ಆಗೋತನಕ ನಿಲ್ಲಸ್ಲೇನ್ರಿ?”

“ಚಂದಾ, ಲಗೂನ ಬಂದ್ ಮಾಡವ್ವಾ!”

ಮಾಡಿದೆ. ಇಮಾಂಬಿ ಒಪ್ಪಿಗೆ ಕೊಟ್ಟಳು. ಎಲ್ಲ ದೋಣಿಗಳೂ ಒಟ್ಟಿಗೆ ದಾರಿ ಬದಲಿಸಿ ಹೊಲಗಳ ಮೇಲೆ ಹೊರಟವು. ಸಂಜೆಯೊಳಗೆ ಓಣಿ ಪೂರ್ತಿ ಖಾಲಿಯಾಯಿತು, ಒಂದು ಜೀವವೂ ಹೋಗಲಿಲ್ಲ. ದೋಣಿಯಿಂದಿಳಿದ ಅವ್ವ ತನ್ನ ಒದ್ದೆ ಸೀರೆಯ ಸೆರಗು ಹಿಂಡುತ್ತಾ, “ಇಷ್ಟೊತ್ತು ಯಾಕ ತಡಾ ಮಾಡಿದಿ?” ಎಂದು ಬೈದಳು. ನಾನೂ ಇಮಾಂಬಿಯೂ ಅಪ್ಪಿಕೊಂಡು ನಕ್ಕೆವು, ಅತ್ತೆವು.

ಹೆಣಿಗೆಯನ್ನು ಬದಲಿಸಲು ದೂರದ ಊರಿನ ಪರಿಣತರಿಗಾಗಿ ನಾವು ಕಾಯಬೇಕಾಗಲಿಲ್ಲ. ಆ ಗೆಲುವಿನಲ್ಲಿ ನಿಮಗೂ ಪಾಲಿದೆ. ನಿಮ್ಮ ಪ್ರಯೋಗಗಳು ಮತ್ತೆ ಮತ್ತೆ ಸೋಲುತ್ತಿರಬಹುದು. ಯಂತ್ರ ಹೀಗೆ ನಿಂತು ಕೇಳುವುದರಿಂದ ಕೆಲಸ ನಿಧಾನವಾಗುತ್ತದೆ, ಆ ಪ್ರಶ್ನೆಯನ್ನೇ ಕಿತ್ತುಹಾಕಿ ಎಂದು ನಿಮಗೆ ಹೇಳುವವರೂ ಇರಬಹುದು. ದಯವಿಟ್ಟು ಕಿತ್ತುಹಾಕಬೇಡಿ. ಕುಂಬಾರ ಓಣಿಯ ಮಂದಿ ಇವತ್ತು ತಮ್ಮ ಮನೆಗಳ ಕೆಸರು ಬಳಿದು ಹೊರಹಾಕುತ್ತಿದ್ದಾರೆ, ಜೋರಾಗಿ ಹಾಡು ಹಾಕಿಕೊಂಡು.