ಮಡಿಕೆಗೆ ಇಳಿದ ಶಾಯಿ

ಗುರುವಾರ, ಸಂಜೆ

ಪ್ರೀತಿಯ ಅಮ್ಮನಿಗೆ,

ಇವತ್ತು ಬೆಳಿಗ್ಗೆ ಒಂದು ಹಳೆಯ ಕಾಗದದ ಮಡಿಕೆಯೊಳಗೆ ಶಾಯಿ ಇಳಿದಿರುವುದನ್ನು ನೋಡಿದೆ. ಕೂದಲೆಳೆಯಷ್ಟೇ. ಆಗಿನಿಂದ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

'ಸಾಹಿತ್ಯ ಓದಿ ಕೊನೆಗೆ ರದ್ದಿ ಜೋಡಿಸೋ ಕೆಲಸ ಹಿಡಿದ್ಯಲ್ಲೇ' ಎಂದು ಫೋನಿನಲ್ಲಿ ನಕ್ಕಿದ್ದೆಯಲ್ಲ, ಆ ರದ್ದಿಯದೇ ವಿಷಯ. ನಮ್ಮ ಡಾಕ್ಟರು ಆಯಸ್ಸೆಲ್ಲ ಹಲ್ಲು ಕಿತ್ತವರು. ಬಿಡುವಿನಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಡಚ್ಚರ ವಸಾಹತುಗಳಿಂದ ಹೊರಟ ಕಾಗದಗಳನ್ನು ಕೂಡಿಟ್ಟಿದ್ದಾರೆ. ಜಾವಾದ ಸಕ್ಕರೆ ವ್ಯಾಪಾರಿಗಳದ್ದು, ಸುರಿನಾಮಿನ ತೋಟದ ಗುಮಾಸ್ತರದ್ದು. ಒಳಗೇನಿದೆ ಎಂಬುದು ಅವರಿಗೆ ಬೇಡ. ಯಾವ ಊರಿನ ಅಂಚೆಮುದ್ರೆ, ಯಾವ ಹಡಗು, ಯಾವ ದಾರಿ, ಅಷ್ಟೇ. ಡಚ್ ಭಾಷೆ ಬರದಿದ್ದರೂ ನಾನು ಒಳಗೆ ಇಣುಕಿದರೆ, 'ಬೇರೆಯವರ ಮನೆ ಸುದ್ದಿ ನಮಗ್ಯಾಕಮ್ಮ, ಬಾಗಿಲ ಮೇಲಿನ ನಂಬರ್ ನೋಡು ಸಾಕು' ಅನ್ನುತ್ತಾರೆ. ಮಡಿಕೆ ಬಿಡಿಸುವಾಗ ಮಾತ್ರ ಹಳೆಯ ಅಭ್ಯಾಸ ಬಿಟ್ಟಿಲ್ಲ. ಚಿಮಟ ಹಿಡಿದು ಕಾಗದಕ್ಕೆ 'ಹೂಂ, ಬಾಯಿ ತೆಗಿ' ಅನ್ನುತ್ತಾರೆ. ದೀಪವೂ ದವಾಖಾನೆಯದೇ, ಕತ್ತು ಬಗ್ಗಿಸುವಂಥದ್ದು.

ಮುಂದಿನ ವಾರ ಸಂಗ್ರಾಹಕರ ಪ್ರದರ್ಶನವಿದೆ. ತೀರ್ಪುಗಾರರು ಬರುತ್ತಾರೆ. ಅಲ್ಲಿ ಡಾಕ್ಟರ ಕಾಗದಗಳನ್ನು ಜೋಡಿಸಿಡುವ ಚೌಕಟ್ಟಿನ ನಟ್ಟನಡುವೆ ಇರಬೇಕಾದದ್ದು, ಸ್ವಲ್ಪ ಕಾಲವಷ್ಟೇ ನಡೆದು ಮುಚ್ಚಿದ ಒಂದು ದ್ವೀಪದ ಅಂಚೆಮನೆಯ ಮುದ್ರೆಯಿರುವ ಕಾಗದ. ಅದು ಅವರ ಹೆಂಡತಿ ಹುಟ್ಟುಹಬ್ಬಕ್ಕೆ ಕೊಟ್ಟದ್ದು. ಎಲ್ಲೋ ಹರಾಜಿನಲ್ಲಿ ಸಿಕ್ಕಿತೆಂದಿದ್ದರಂತೆ. ಆಲ್ಬಮ್ಮಿನ ಪುಟಗಳ ಮೇಲೆ ಕಂದು ಶಾಯಿಯಲ್ಲಿ ಮುತ್ತು ಪೋಣಿಸಿದಂತೆ ವಿವರ ಬರೆದವರೂ ಆಕೆಯೇ. ಆಕೆ ಹೋಗಿ ಒಂದು ವರ್ಷವಾಯಿತು. 'ಇದನ್ನ ಬಿಟ್ಟು ಪ್ರದರ್ಶನ ಅಂದ್ರೆ ಹೆಣ್ಣಿಲ್ಲದ ಮದುವೆ' ಎನ್ನುತ್ತಾರೆ ಡಾಕ್ಟರು.

ಶಾಯಿ ಇಳಿದಿರುವುದು ಆ ಕಾಗದದಲ್ಲಿಯೇ. ಅಂಚೆಯವರು ಮುದ್ರೆ ಒತ್ತುವಾಗ ಕಾಗದ ಹೊಸದು, ಮಡಿಕೆ ಗಟ್ಟಿ. ಮುಂದೆ ಮಡಿಕೆ ಸವೆದಾಗ ಮುದ್ರೆಯ ಗೆರೆಯೂ ಅಲ್ಲಿ ತುಂಡಾಗಬೇಕು. ಇದರಲ್ಲಿ ಗೆರೆ ತುಂಡಾಗಿಲ್ಲ. ಸವೆದ ನಾರಿನೊಳಗೇ ಶಾಯಿ ಹೀರಿಕೊಂಡಿದೆ. ಕಾಗದ ನಿಜವಾದದ್ದೇ. ಮುದ್ರೆಯನ್ನು ಮಾತ್ರ, ಅದು ಹಳತಾದ ಎಷ್ಟೋ ಕಾಲದ ಮೇಲೆ ಯಾರೋ ಕೈಯಿಂದ ಬರೆದಿದ್ದಾರೆ. ದೀಪದ ಕತ್ತನ್ನು ಪಕ್ಕದ ವಿವರದ ಕಡೆಗೆ ತಿರುಗಿಸಿದೆ. ಅದೇ ಕಂದು.

ತೀರ್ಪುಗಾರರು ಲೆನ್ಸ್ ಹಿಡಿದರೆ ಸಾಕು, ತಿಳಿದುಬಿಡುತ್ತದೆ. ಅಷ್ಟು ಜನರ ಮುಂದೆ ಡಾಕ್ಟರು ತಲೆ ತಗ್ಗಿಸಬೇಕು. ಅದನ್ನಾದರೂ ಅವರು ತಡೆದುಕೊಂಡಾರು. ಹೋದವರಿಗೆ ಕಳ್ಳಿ ಎಂಬ ಹೆಸರು ಬಂದರೆ ತಡೆದುಕೊಳ್ಳಲಾರರು.

'ಹೇಗಿದೆ?' ಎಂದು ಡಾಕ್ಟರು ಕೇಳಿದರು. 'ಮಡಿಕೆ ಸ್ವಲ್ಪ ಸವೆದಿದೆ ಸರ್' ಎಂದೆ. ಬೇರೆ ಯಾವ ಕಾಗದವಾದರೂ ನನ್ನ ಕೈಯಿಂದ ಲೆನ್ಸ್ ಕಿತ್ತುಕೊಳ್ಳುವವರು, ಇದಕ್ಕೆ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿದರು. 'ಎಷ್ಟು ವರ್ಷ ಹುಡುಕಿದ್ದೆ ಗೊತ್ತಾ! ನನ್ನ ಗೋಳು ಕೇಳಿ ಕೇಳಿ ಅವಳಿಗೇ ಸಾಕಾಗಿಹೋಗಿತ್ತು' ಎಂದು ನಕ್ಕರು. ಅವರಿಗೆ ಗೊತ್ತಿದೆಯೋ ಇಲ್ಲವೋ, ಆ ಬೆನ್ನು ನೋಡಿ ನನಗೆ ತಿಳಿಯಲಿಲ್ಲ.

ನಾಳೆ ಹೋದ ಕೂಡಲೇ ಹೇಳುತ್ತೇನೆ: ಪ್ರದರ್ಶನದ ದೀಪಗಳಿಗೆ ಈ ಶಾಯಿ ಮಾಸುತ್ತದೆ, ಇದು ಮನೆಯಲ್ಲೇ ಇರಲಿ ಎಂದು. ಬೆಳಕಿಗೆ ಶಾಯಿ ಮಾಸುವುದು ಸುಳ್ಳೇನಲ್ಲ. ನಡುವಿನ ಜಾಗಕ್ಕೆ ಸುರಿನಾಮಿನದೊಂದನ್ನು ಇಡುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಬಿಟ್ಟುಕೊಡುವುದಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ
ಮೌನಗೌರಿ

ತಾ.ಕ.: ಕಾಗದ ಕೈಗೆ ಬಂದರೆ ಮೊದಲು ಅಂಚೆಮುದ್ರೆ ನೋಡಬೇಕೆಂದು ಡಾಕ್ಟರು ಕಲಿಸಿದರು. ನನಗೆ ಆ ಅಭ್ಯಾಸ ಚಿಕ್ಕಂದಿನಿಂದಲೂ ಇತ್ತು. ಅಪ್ಪ ಮನೆ ಬಿಟ್ಟುಹೋದ ಮೇಲೆ ಅವರ ಹೆಸರಿನಲ್ಲಿ ನನಗೆ ಬರುತ್ತಿದ್ದ ಕಾಗದಗಳಲ್ಲಿ ಒಂದರ ಮೇಲೂ ಮುದ್ರೆ ಇರಲಿಲ್ಲ. ನೀಟಾಗಿ ಅಂಟಿಸಿದ ಅಂಚೆಚೀಟಿ ಮಾತ್ರ. ಎಲ್ಲವೂ ನನ್ನ ಬಳಿ ಇವೆ, ಅಮ್ಮ. ಯಾರಿಗೂ ತೋರಿಸುವುದಿಲ್ಲ. ಬೆಳಕು ತಾಗಬಾರದು.