ಇಪ್ಪತ್ತಮೂರು ಕೆ.ಜಿ.

ಸವಳಂಗ
೧೨ ಮಾರ್ಚ್ ೨೦೨೫, ಬುಧವಾರ

ಪ್ರೀತಿಯ ತಂಗಿ ಆಶಾಗೆ, ನಿನ್ನ ಅಕ್ಕ ಮನಸಾರೆ ಮಾಡುವ ಆಶೀರ್ವಾದಗಳು.

ನಿನ್ನ ಮಗಳನ್ನು ನಿನ್ನ ಹತ್ತಿರ ಬಿಟ್ಟು ನಾನು ಊರಿಗೆ ಬಂದು ತಿಂಗಳಾಗುತ್ತ ಬಂತು. "ತಲುಪಿದೆ" ಎಂಬ ಒಂದು ಮಾತು ಬಿಟ್ಟು ನಿನಗೆ ಮನಸ್ಸು ಬಿಚ್ಚಿ ಬೇರೇನೂ ಹೇಳಿಲ್ಲ. ಬೈದುಕೊಂಡಿರುತ್ತೀಯ, ಬೈದುಕೋ. ಭಾನುವಾರ ವಿಡಿಯೋ ಕಾಲ್‌ನಲ್ಲೇ ಮಾತಾಡಬಹುದಲ್ಲ ಎನ್ನುತ್ತೀಯೇನೋ. ಅಲ್ಲಿ ಫೋನು ಅರ್ಪಿತಾಳ ಕೈಯಲ್ಲಿರುತ್ತದೆ, ಅವಳ ಕಿವಿಗೆ ಬೀಳಬಾರದ ಮಾತು ಒಂದಿದೆ. ಅದಕ್ಕೇ ಇದನ್ನು ಕೈಯಾರೆ ಬರೆದು, ಫೋಟೋ ತೆಗೆದು, ನೀನು ಆಸ್ಪತ್ರೆಯ ಡ್ಯೂಟಿಯಲ್ಲಿರುವ ಹೊತ್ತಿಗೆ ಕಳಿಸುತ್ತೇನೆ. ಒಬ್ಬಳೇ ಕೂತು ಓದು. ನಿನ್ನ ಮಗಳು ಎರಡನೇ ಕ್ಲಾಸಿಗೇ ನನ್ನ ಕೂಡುಬರಹ ಓದುತ್ತಿದ್ದಳು, ನೆನಪಿರಲಿ.

"ಅಕ್ಕ, ಅರ್ಪಿ ತಟ್ಟೇಲಿ ಅರ್ಧ ಬಿಡ್ತಾಳೆ. ಡಬ್ಬಿಗೆ ಕಟ್ಟಿದ್ದು ಹಂಗೇ ವಾಪಸ್ ಬರ್ತೈತೆ. ನೀನು ಹೆಂಗೆ ಉಣ್ಣಿಸ್ತಿದ್ದೆ?" ಎಂದು ನೀನು ಮೂರು ಸಲ ಕೇಳಿದೆ. ಮೂರು ಸಲವೂ "ಹೊಸ ಜಾಗ, ಹೊಂದ್ಕೊಳ್ತಾಳೆ ಬಿಡು" ಎಂದೆ. ಅದು ಸುಳ್ಳು. ಅವಳು ಯಾಕೆ ಉಣ್ಣುತ್ತಿಲ್ಲ ಎಂಬುದು ನನಗೆ ಗೊತ್ತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಒಂದೇ ಉಸಿರಿಗೆ ಹೇಳುವ ಧೈರ್ಯ ನನಗಿಲ್ಲ. ಹೊರಡುವ ಮೊದಲಿನಿಂದ ಶುರು ಮಾಡುತ್ತೇನೆ, ಸ್ವಲ್ಪ ತಾಳಿಕೋ.

ನೀನು ಟಿಕೆಟ್ ಕಳಿಸಿದಾಗ ಅದರಲ್ಲಿದ್ದ ಒಂದಕ್ಷರವೂ ನನಗೆ ಅರ್ಥವಾಗಲಿಲ್ಲ. ಹೊನ್ನಾಳಿ ಬಸ್‌ಸ್ಟ್ಯಾಂಡ್ ಹತ್ತಿರ ಟಿಕೆಟ್ ಮಾಡಿಸಿಕೊಡುವ ಪ್ರವೀಣ್ ಕುಮಾರ್ ಇದ್ದಾನಲ್ಲ, ಅವನ ಅಂಗಡಿಗೆ ಅರ್ಪಿಯನ್ನು ಕರೆದುಕೊಂಡು ಹೋದೆ. "ಟೀಚರ್ರೇ, ಸಿಂಗಾಪುರಕ್ಕೆ ಒಂದು ಕಂಪನಿ, ಅಲ್ಲಿಂದ ಆಕ್ಲೆಂಡಿಗೆ ಇನ್ನೊಂದು ಕಂಪನಿ. ಆದ್ರೆ ಟಿಕೆಟ್ ಒಂದೇ. ತಲೆಗೆ ಮೂವತ್ತು ಕೆ.ಜಿ. ಒಯ್ಬಹುದು, ಮಗೀಗೂ ಅಷ್ಟೇಯ. ಕೈಯಾಗಿನ ಬ್ಯಾಗು ಏಳು. ಊಟ ಯಾವುದು ಬರೀಲಿ?" ಎಂದ. ಪಟ್ಟಿಯಲ್ಲಿ ಹತ್ತು ಹನ್ನೆರಡು ತರದ ಊಟವಿತ್ತು. 'ಹಿಂದೂ ಮೀಲ್' ಎಂದು ಕಂಡಿತು. ನಮಗೆ ಅದಕ್ಕಿಂತ ಇನ್ನೇನು ಬೇಕು ಎಂದು ಅದನ್ನೇ ಬರೆಸಿದೆ. ಆಕ್ಲೆಂಡಿನಿಂದ ನಿಮ್ಮೂರಿಗೆ ನಿನ್ನ ಗಂಡ ಮುತ್ತುರಾಜ್ ಬೇರೆಯಾಗಿ ಮಾಡಿಸಿದ್ದ ಮೂರನೇ ಟಿಕೆಟ್ಟನ್ನು ನಾನು ತೋರಿಸಲೇ ಇಲ್ಲ. ಒಂದೂವರೆ ಗಂಟೆ ಹಾರುವ ವಿಮಾನಕ್ಕೆ ಬೇರೆ ಕಾನೂನು ಇರುತ್ತದೆ ಎಂದು ಅಂಗನವಾಡಿ ಟೀಚರಿಗೆ ಹೇಗೆ ಗೊತ್ತಾಗಬೇಕು?

ಸಾಮಾನು ತೂಗಿದ್ದು ನಮ್ಮ ಅಂಗನವಾಡಿಯಲ್ಲಿ. ಮಕ್ಕಳನ್ನು ಕೂರಿಸಿ ತೂಗುವ ಆ ನೇತಾಡುವ ತಕ್ಕಡಿ ಇಪ್ಪತ್ತೈದರ ಮೇಲೆ ತೋರಿಸುವುದಿಲ್ಲ. ಒಂದೊಂದು ಸೂಟ್‌ಕೇಸನ್ನೂ ಎರಡು ಸಲ ಮಾಡಿ, ಮಕ್ಕಳ ಚೀಲದಲ್ಲಿ ಬಟ್ಟೆ ಒಂದು ಸಲ, ತಿಂಡಿ ಒಂದು ಸಲ ತೂಗಿದೆವು. ಅರ್ಪಿ ಮುಳ್ಳು ಓದುವವಳು, ನಾನು ಬರೆದುಕೊಳ್ಳುವವಳು. ಸಹಾಯಕಿ ಚೌಡಕ್ಕ ಚಟ್ನಿಪುಡಿ ತಂದಳು. "ಒಂದು ಕೆ.ಜಿ. ಐತೆ ಅಷ್ಟೇ, ಇಮಾನಕ್ಕೆ ಏನ್ ಭಾರ ಆಗ್ತೈತೆ?" ಎಂದಳು. ಅದಕ್ಕೆ ಅರ್ಪಿ ಸೊಂಟದ ಮೇಲೆ ಕೈ ಇಟ್ಟು, "ಚೌಡಕ್ಕ, ರೂಲ್ಸ್ ಐತೆ. ಜಾಸ್ತಿ ಆದ್ರೆ ಅಲ್ಲೇ ಬಿಟ್ಟು ಹೋಗ್ಬೇಕು" ಎಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ವಿಮಾನದ ಊಟದ ಕತೆ ನಿನಗೆ ಅರ್ಧ ಗೊತ್ತು. ಮೊದಲನೇ ವಿಮಾನದಲ್ಲಿ ಅನ್ನ, ದಾಲು, ಪಲ್ಯ ಬಂತು. ನಮ್ಮ ಪ್ರವೀಣನ ಕೈ ಚೆನ್ನಾಗಿದೆ ಎಂದುಕೊಂಡೆ. ಎರಡನೆಯದರಲ್ಲಿ ಎಲ್ಲರಿಗಿಂತ ಮೊದಲೇ ನಮ್ಮ ತಟ್ಟೆ ತಂದರು. ಮುಚ್ಚಳ ತೆಗೆದರೆ ಕೋಳಿ. ಆ ಹುಡುಗಿಯನ್ನು ಕರೆದು ಕೇಳಿದರೆ, ಹಿಂದೂ ಮೀಲ್ ಎಂದರೆ ದನದ ಮಾಂಸ ಇರುವುದಿಲ್ಲ ಅಷ್ಟೇ, ಸಸ್ಯಾಹಾರವೇ ಬೇಕಿದ್ದರೆ ಅದಕ್ಕೆ ಬೇರೆ ಹೆಸರಿದೆ ಎಂದು ನಗುನಗುತ್ತಲೇ ತಿಳಿಸಿಕೊಟ್ಟಳು. ಅರ್ಪಿ ನನ್ನ ಮುಖ ನೋಡಿ, "ಹಂಗಾದ್ರೆ ನಾವು ಹಿಂದೂ ಅಲ್ವಾ ದೊಡ್ಡಮ್ಮ?" ಎಂದಳು. ಪಕ್ಕದ ಸೀಟಿನ ತಮಿಳು ಅಜ್ಜ ಅವರ ಹಣ್ಣಿನ ಬಟ್ಟಲು ಕೊಟ್ಟರು. ಬನ್ನು, ಹಣ್ಣು, ನನ್ನ ಚೀಲದಲ್ಲಿದ್ದ ಎರಡು ಖಡಕ್ ರೊಟ್ಟಿ, ಅದರಲ್ಲೇ ಹತ್ತು ಗಂಟೆ ಕಳೆಯಿತು. ಅವಳು ನನ್ನ ತೊಡೆಯ ಮೇಲೆ ಕಾಲು ಚಾಚಿ ಮಲಗಿದಳು. ಆ ವಿಮಾನ ಎಲ್ಲಿಯೂ ಇಳಿಯದಿದ್ದರೂ ನನಗೆ ಅಡ್ಡಿಯಿರಲಿಲ್ಲ.

ಆಕ್ಲೆಂಡಿನಲ್ಲಿ ನಡೆದದ್ದನ್ನು ನಿನಗೆ ಹೇಳಿಲ್ಲ. ಕಸ್ಟಮ್ಸಿನವರು ತುಪ್ಪ, ಅವರೆಕಾಳು ಎಲ್ಲ ಎತ್ತಿಟ್ಟುಕೊಂಡರು. ಅದಾದ ಮೇಲೆ ಮೂರನೇ ವಿಮಾನದ ಕೌಂಟರಿಗೆ ಹೋದರೆ, ತಲೆಗೆ ಒಂದೇ ಬ್ಯಾಗು, ಅದೂ ಇಪ್ಪತ್ತಮೂರು ಕೆ.ಜಿ. ಮಾತ್ರ ಎಂದರು. ಟಿಕೆಟ್ ಬೇರೆಯಾದ್ದರಿಂದ ಮೊದಲಿನ ಮೂವತ್ತರ ಲೆಕ್ಕ ಇಲ್ಲಿ ನಡೆಯುವುದಿಲ್ಲವಂತೆ. ಹೆಚ್ಚಿನದಕ್ಕೆ ಕಾರ್ಡಿನಲ್ಲೇ ಕಟ್ಟಬೇಕು, ನನ್ನ ಹತ್ತಿರ ಕಾರ್ಡಿಲ್ಲ. ನಿನಗೆ ಫೋನ್ ಮಾಡೋಣವೆಂದರೆ ಸಿಮ್ ಕೆಲಸ ಮಾಡುತ್ತಿಲ್ಲ. ನೆಲದ ಮೇಲೆ ಎರಡೂ ಸೂಟ್‌ಕೇಸ್ ಬಿಚ್ಚಿಕೊಂಡು ಕೂತೆ. ನನ್ನ ಸೀರೆಗಳು, ಸ್ವೆಟರು, ನಿನಗೆಂದು ತಂದ ಕಬ್ಬಿಣದ ಹಂಚು, ಒಂಬತ್ತು ಕೆ.ಜಿ. ಅಲ್ಲೇ ಕಸದ ಡಬ್ಬಿಯ ಪಕ್ಕದಲ್ಲಿ ಇಟ್ಟು ಬಂದೆ. ನಿನ್ನ ಮನೆಯಲ್ಲಿ ಮೂರು ವಾರ ಎರಡೇ ಸೀರೆ ಉಟ್ಟಿದ್ದು ಯಾಕೆ ಎಂದು ಕೇಳುತ್ತಿದ್ದೆಯಲ್ಲ, ಇದಕ್ಕೆ. ಅವಳ ಒಂದು ಲಂಗವನ್ನೂ ತೆಗೆಯಲು ಬಿಡಲಿಲ್ಲ. ಅವಳು ಪಕ್ಕದಲ್ಲೇ ನಿಂತು ಎಲ್ಲ ನೋಡುತ್ತಿದ್ದಳು. "ಇಪ್ಪತ್ಮೂರು ದಾಟಿದ್ದನ್ನ ಯಾರೂ ಒಳಗೆ ಬಿಡಲ್ಲ ಅಲ್ವಾ ದೊಡ್ಡಮ್ಮ?" ಎಂದಳು. "ಹ್ಞೂಂ ಕಣವ್ವ" ಎಂದೆ. ನನಗೆ ಆಗ ಬೇರೆ ಚಿಂತೆ.

ನೀನು ಅವಳನ್ನು ನನ್ನ ಕೈಗೆ ಕೊಟ್ಟಾಗ ಅವಳಿಗೆ ಹದಿನಾಲ್ಕು ತಿಂಗಳು. "ಎರಡು ವರ್ಷ ಅಕ್ಕ, ಅಷ್ಟರಾಗೆ ಕರೆಸ್ಕೊಳ್ತೀನಿ" ಎಂದೆ. ಆರು ವರ್ಷವಾಯಿತು. ಕೆಲಸ ಕಾಯಂ ಆಗಲಿಲ್ಲ, ವೀಸಾ ಬರಲಿಲ್ಲ, ಮುತ್ತುರಾಜ್‌ಗೂ ಹಾಲಿನ ಫ್ಯಾಕ್ಟರಿಯಲ್ಲಿ ರಾತ್ರಿಪಾಳಿ, ಎಲ್ಲ ನನಗೆ ಗೊತ್ತು. ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಕರೆಸಿಕೊಳ್ಳಲಿಲ್ಲ ಎಂದು ನಾಲ್ಕು ವರ್ಷ ಸಿಟ್ಟಿತ್ತು, ಈಗ ಕರೆಸಿಕೊಂಡೆಯಲ್ಲ ಎಂದು ಸಿಟ್ಟು. ಇಂಥ ಸಿಟ್ಟಿಗೆ ನೀನಾದರೂ ಏನು ಮಾಡುತ್ತೀಯ?

ನಾನು ಹೊರಟ ದಿನ ನಿಮ್ಮೂರಿನ ಏರ್‌ಪೋರ್ಟಿನಲ್ಲಿ ಅವಳು ನನ್ನ ಸೆರಗು ಹಿಡಿದುಕೊಂಡು ಬಿಡಲೇ ಇಲ್ಲ. ನೀನು ಚಾಕೊಲೇಟ್ ತೋರಿಸಿದೆ, ಮುತ್ತುರಾಜ್ ಎತ್ತಿಕೊಳ್ಳಲು ಬಂದ. ಆಗ ನಾನು ಬಗ್ಗಿ ಅವಳ ಕಿವಿಯಲ್ಲಿ ಒಂದು ಮಾತು ಹೇಳಿದೆ. ತಟ್ಟನೆ ಬಿಟ್ಟುಬಿಟ್ಟಳು. "ಏನು ಮಂತ್ರ ಹಾಕಿದೆ ಅಕ್ಕ?" ಎಂದು ನೀನು ನಕ್ಕೆ. ನಾನೂ ನಕ್ಕು ಒಳಗೆ ಹೋದೆ.

ವಾಪಸ್ಸು ಬರುವಾಗ ನೀನು ಊಟ ಸರಿಯಾಗಿ ಬರೆಸಿದ್ದೆ. ಪಲ್ಯ, ಚಪಾತಿ, ಮೊಸರು, ಒಂದಕ್ಕೂ ಹೆಸರಿಡುವಂತಿರಲಿಲ್ಲ. ಬೆಣ್ಣೆಯ ಸಣ್ಣ ಪೊಟ್ಟಣ, ಜಾಮು, ಬಿಸ್ಕತ್ತು ಎತ್ತಿ ಚೀಲಕ್ಕೆ ಹಾಕಿಕೊಂಡೆ. ಹಾಕಿಕೊಂಡ ಮೇಲೆ, ಇದನ್ನು ಯಾರಿಗೆ ಒಯ್ಯುತ್ತಿದ್ದೇನೆ ಎಂದು ನನಗೇ ತಿಳಿಯಲಿಲ್ಲ. ನನ್ನ ಸೂಟ್‌ಕೇಸ್ ಹನ್ನೊಂದು ಕೆ.ಜಿ. ಇತ್ತು. ಕೌಂಟರಿನವನು "ಇಷ್ಟೇನಾ?" ಎನ್ನುವ ಹಾಗೆ ನೋಡಿದ.

ಇಲ್ಲಿ ಈಗ ನಾನು ದೊಡ್ಡ ಪಂಡಿತೆಯಾಗಿದ್ದೇನೆ. ಗೋವಿನಕೋವಿಯ ಓಂಕಾರಪ್ಪನವರ ಮಗಳು ಕೆನಡಾಕ್ಕೆ ಹೋಗುತ್ತಾಳಂತೆ. ಅವರು ಬೈಕ್ ಹತ್ತಿ ನನ್ನನ್ನು ಹುಡುಕಿಕೊಂಡು ಬಂದಿದ್ದರು. "ಎಷ್ಟು ಕೆ.ಜಿ. ಒಯ್ಯಾಕೆ ಬಿಡ್ತಾರ್ರೀ?" ಎಂದರು. "ಮೊದಲು ಟಿಕೆಟ್ ಒಂದೋ ಎರಡೋ ನೋಡ್ರಿ. ಎರಡಾದ್ರೆ ಯಾವನು ಕಮ್ಮಿ ಬಿಡ್ತಾನೋ ಅವನ ಲೆಕ್ಕಕ್ಕೆ ಕಟ್ರಿ. ಊಟಕ್ಕೆ ಹಿಂದೂ ಅಂತ ಮಾತ್ರ ಬರೆಸಬ್ಯಾಡ್ರಿ" ಎಂದೆ. ಅವರು ಎದ್ದು ಹೊರಟರು, ನಾನು ಇನ್ನೊಂದು ಲೋಟ ಚಾ ಕೊಟ್ಟು ಕೋಳಿಯ ಕತೆ ತೆಗೆದೆ. ಹೀಗೆ ಯಾರು ಬಂದರೂ ಮಾತು ಎಳೆಯುತ್ತೇನೆ. ಮಾತು ಮುಗಿದರೆ ಅವರು ಹೋಗಿಬಿಡುತ್ತಾರೆ, ಆಮೇಲೆ ಈ ಮನೆಯಲ್ಲಿ ನಾನೊಬ್ಬಳೇ. ಸಂಜೆ ನಾಲ್ಕಕ್ಕೆ ಶಾಲೆ ಬಿಟ್ಟಾಗ ಬಾಗಿಲು ಹಾಕಿಕೊಳ್ಳುತ್ತೇನೆ, ಮಕ್ಕಳ ಗಲಾಟೆ ಕೇಳಲಾಗುವುದಿಲ್ಲ. ದಿನವಿಡೀ ಮಕ್ಕಳ ನಡುವೆಯೇ ಇರುವ ಟೀಚರಿಗೆ ಇದೇನು ರೋಗ ಎಂದು ಚೌಡಕ್ಕ ಕೇಳುತ್ತಾಳೆ.

ನೀನು ಊಟ ಬಿಡಬೇಡ, ನಿನಗೂ ಮೈಯಲ್ಲಿ ಶಕ್ತಿಯಿಲ್ಲ. ಮುತ್ತುರಾಜ್‌ಗೆ ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡಲು ಹೇಳು. ಮಗು ಮೈತುಂಬಿಕೊಂಡು ಬೆಳೆಯಲಿ, ನಿಮ್ಮ ಮೂವರ ಮನೆ ತಣ್ಣಗಿರಲಿ. ನಾನು ಬೇಡಿಕೊಳ್ಳುವುದು ಇಷ್ಟೇ.

ಇಂತಿ ನಿನ್ನ ಅಕ್ಕ,
ಕರಿಬಸಮ್ಮ

ತಾ.ಕ.: ಸಹಿ ಹಾಕಿದ ಮೇಲೆ ಧೈರ್ಯ ಬಂತು. ಅವತ್ತು ಏರ್‌ಪೋರ್ಟಿನಲ್ಲಿ ಅರ್ಪಿ, "ನನ್ನೂ ಕರ್ಕೊಂಡು ಹೋಗು ದೊಡ್ಡಮ್ಮ" ಎಂದಳು. "ನಿಮ್ಮಮ್ಮ ಇರೋದೇ ನಿನ್ನ ಮನೆ" ಎಂದು ಹೇಳಬೇಕಿತ್ತು. ಆ ಮಾತು ನನ್ನ ಬಾಯಿಂದ ಬರಲಿಲ್ಲ, ಆಶಾ. ಹೇಳಲು ನನಗೆ ಮನಸ್ಸಿರಲಿಲ್ಲ. "ಇಪ್ಪತ್ಮೂರು ಕೆ.ಜಿ. ಇದ್ರೆ ಮಾತ್ರ ಬಿಡ್ತಾರಂತೆ ಕಣವ್ವ. ನೀನು ಇಪ್ಪತ್ತಾರು ಇದ್ದೀಯ, ನಾನೇನ್ ಮಾಡ್ಲಿ?" ಎಂದೆ. "ಬರೋವಾಗ ಬಿಟ್ರಲ್ಲ?" ಎಂದಳು. "ಬರಾಕೆ ಬ್ಯಾರೆ ರೂಲ್ಸು, ಹೋಗಾಕೆ ಬ್ಯಾರೆ" ಎಂದೆ. ನಂಬಿದಳು, ಸೆರಗು ಬಿಟ್ಟಳು.

ಹೋದ ತಿಂಗಳ ಕೊನೆಯ ಭಾನುವಾರ ನೀನು ಒಲೆ ಆರಿಸಲು ಎದ್ದು ಹೋದಾಗ, ಫೋನಿಗೆ ಬಾಯಿ ಹತ್ತಿರ ತಂದು, "ದೊಡ್ಡಮ್ಮ, ಬಚ್ಚಲಮನೆ ತೂಕದ ಮಷೀನಲ್ಲಿ ಇಪ್ಪತ್ತೈದು ತೋರಿಸ್ತೈತೆ. ಅಮ್ಮಂಗೆ ಹೇಳ್ಬ್ಯಾಡ" ಎಂದಳು. ಆಗಲೇ ನನಗೆ ಎಲ್ಲ ತಿಳಿಯಿತು. ತಿಳಿದು ನನಗೆ ಸಂತೋಷವಾಯಿತು ಆಶಾ, ನನ್ನ ಹತ್ತಿರ ಬರಲು ಅವಳು ಹಸಿದಿದ್ದಾಳೆ ಎಂದು. ಊರಿನ ಮಕ್ಕಳ ತೂಕ ಅರ್ಧ ಕೆ.ಜಿ. ಇಳಿದರೆ ಅವರ ಮನೆಗೆ ಹೋಗಿ ಜಗಳ ಮಾಡುವ ನಾನು, ಹದಿನೇಳು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮೊನ್ನೆ ಭಾನುವಾರ, "ಇಪ್ಪತ್ನಾಕು. ಇನ್ನೊಂದೇ ಐತೆ, ಟಿಕೆಟ್ ಮಾಡ್ಸು" ಎಂದು ನಕ್ಕಳು. ಅವಳ ಕೆನ್ನೆಯ ಮೂಳೆ ಕಂಡಿತು.

ಇವತ್ತೇ ಹೇಳಿಬಿಡು. ಮಕ್ಕಳನ್ನು ಯಾವ ವಿಮಾನದಲ್ಲೂ ತೂಗುವುದಿಲ್ಲ, ದೊಡ್ಡಮ್ಮ ಸುಳ್ಳು ಹೇಳಿದಳು ಎಂದು ಹೇಳು. ಹಾಗಾದರೆ ದೊಡ್ಡಮ್ಮ ನನ್ನನ್ನು ಯಾಕೆ ಬಿಟ್ಟು ಹೋದಳು ಎಂದು ಅವಳು ಕೇಳುತ್ತಾಳೆ. ಅದಕ್ಕೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ನೀನು ಅವಳ ತಾಯಿ, ಏನಾದರೂ ಹೇಳು. ರಾತ್ರಿ ಊಟಕ್ಕೆ ಕೂರುವ ಮೊದಲು ಹೇಳು.